ನಿಮಗಿದು ಗೊತ್ತೇ? ಘಾಟಿ ಹತ್ತಿದ ಚಿಪ್ಸ್ ಪೊಟ್ಟಣ

● ಮುಂಬೈಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಖೋಪೋಲಿ ದಾಟಿ, ಘಾಟಿ ಹತ್ತಿ, ಲೋಣಾವಳಾ ಸೇರುವಷ್ಟರಲ್ಲಿ ಪೂರಿಯಂತೆ ಉಬ್ಬಿರುತ್ತದೆ. ಒಳಗಿನ ಗಾಳಿ ಹೆಚ್ಚಿಲ್ಲ, ಹೊರಗಿನ ಒತ್ತಡ ತಗ್ಗಿದೆ. ಸಮುದ್ರಮಟ್ಟದಲ್ಲಿ ವಾಯುಭಾರ ಸರಾಸರಿ 1013 ಹೆಕ್ಟೋಪಾಸ್ಕಲ್. ಸುಮಾರು 620 ಮೀಟರ್ ಎತ್ತರದ ಲೋಣಾವಳಾದಲ್ಲಿ 940ರ ಆಸುಪಾಸು. ಅದೇ ಪೊಟ್ಟಣವನ್ನು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಒಯ್ದರೆ ಇನ್ನಷ್ಟು ಉಬ್ಬುತ್ತದೆ. ಬೆಂಗಳೂರಲ್ಲಿ ತುಂಬಿಸಿದ್ದು ಮುಂಬೈಗಿಳಿದರೆ ಸೊರಗುತ್ತದೆ.

● ಇಡೀ ಮುಂಗಾರನ್ನು ಎಳೆದು ತರುವ ಒತ್ತಡದ ಅಂತರ ಮುಂಬೈ–ಲೋಣಾವಳಾ ನಡುವಿನ ಈ ಅಂತರದ ಅರ್ಧದಷ್ಟೂ ಇಲ್ಲ! ದಕ್ಷಿಣ ಹಿಂದೂ ಮಹಾಸಾಗರದ ಮಸ್ಕರೇನ್ ದ್ವೀಪಗಳ ಕಡೆ ಅಧಿಕ ಒತ್ತಡ, ಕಾದ ರಾಜಸ್ಥಾನ–ಪಾಕಿಸ್ತಾನದ ಮರಳುಗಾಡಿನ ಮೇಲೆ ಕಡಿಮೆ ಒತ್ತಡ. ಎರಡರ ನಡುವೆ ಜುಲೈಯಲ್ಲಿ ಇರುವ ಅಂತರ ಸುಮಾರು 30 ಹೆಕ್ಟೋಪಾಸ್ಕಲ್ ಅಷ್ಟೆ. ಹಾಗಾದರೆ 70ರ ಅಂತರವಿರುವ ಘಾಟಿಯಲ್ಲಿ ಗಾಳಿ ರಾಕೆಟ್‌ನಂತೆ ಮೇಲಕ್ಕೆ ಚಿಮ್ಮಬೇಕಿತ್ತಲ್ಲ? ಚಿಮ್ಮುವುದಿಲ್ಲ. ಗುರುತ್ವ ಅದನ್ನು ಕೆಳಗೆ ಹಿಡಿದಿದೆ. ಅಡ್ಡಡ್ಡಲಾಗಿರುವ ಅಂತರಕ್ಕೆ ಆ ಲಗಾಮಿಲ್ಲ, ಹಾಗಾಗಿ ಚಿಕ್ಕದಾದರೂ ಅದೇ ಗಾಳಿಯನ್ನು ಓಡಿಸುತ್ತದೆ.

● ಇದೇ ಕಾರಣಕ್ಕೆ ಹವಾಮಾನ ನಕ್ಷೆ ಬರೆಯುವವರು ಊರೂರಿನ ಒತ್ತಡವನ್ನು ಮೊದಲು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕುತ್ತಾರೆ. ಹಾಗೆ ಮಾಡದಿದ್ದರೆ ನಕ್ಷೆಯಲ್ಲಿ ಲೋಣಾವಳಾ, ಮಡಿಕೇರಿ, ಊಟಿಗಳಲ್ಲಿ ವರ್ಷವಿಡೀ ಚಂಡಮಾರುತ!

● ಜುಲೈಯಲ್ಲಿ ಲೋಣಾವಳಾದ ಟೈಗರ್ ಪಾಯಿಂಟ್‌ಗೆ ಹೋದರೆ (ಕೊಡೆ ಬೇಡ, ಉಳಿಯುವುದಿಲ್ಲ) ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಗಾಳಿ ಪಶ್ಚಿಮದ್ದು, ನಿಮ್ಮ ಮುಖ ಪೂರ್ವಕ್ಕೆ. ಈಗ ಎಡಗೈ ಚಾಚಿ. ಅದು ತೋರಿಸುವುದು ಉತ್ತರವನ್ನು, ಅಂದರೆ ಆ ಮರಳುಗಾಡಿನ ಕಡಿಮೆ ಒತ್ತಡದ ದಿಕ್ಕನ್ನು. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಪ್ರಕಟಿಸಿದ ನಿಯಮವಿದು. ಸಮಭಾಜಕದ ದಕ್ಷಿಣಕ್ಕೆ ಹೋದರೆ ಬಲಗೈ.

● ಸೈಕಲ್ ಟ್ಯೂಬಿನ ವಾಲ್ವ್‌ನಿಂದ ಹೊರಬರುವ ಗಾಳಿ ತಣ್ಣಗಿರುತ್ತದೆ. ಒತ್ತಡ ಕಳೆದುಕೊಂಡು ಹಿಗ್ಗಿದ ಗಾಳಿ ತಣಿಯಲೇಬೇಕು. ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಮೇಲೇರುವ ಅರಬ್ಬಿ ಸಮುದ್ರದ ಗಾಳಿಯದೂ ಅದೇ ಪಾಡು. ಏರುತ್ತ ಹಿಗ್ಗುತ್ತದೆ, ತಣಿಯುತ್ತದೆ, ಹೊತ್ತು ತಂದ ನೀರನ್ನು ಲೋಣಾವಳಾದ ಮೇಲೆ ಸುರಿಯುತ್ತದೆ. ಇಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಬೆಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಕುಗ್ಗಿ ಬಿಸಿಯಾಗಿ ಒಣಗುತ್ತದೆ. ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ಪುಣೆಗೆ ಸಿಗುವುದು 700 ಮಿ.ಮೀ. ಚಿಲ್ಲರೆ. ಆಗುಂಬೆಯಿಂದ ಶಿವಮೊಗ್ಗದ ಕಡೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

● ವಾಯುಭಾರ ಕುಸಿತ ಬಂಗಾಳಕೊಲ್ಲಿಯಲ್ಲಿ, ಮಳೆ ಮಾತ್ರ ಕೊಡಗು, ಲೋಣಾವಳಾಗಳಲ್ಲಿ. ಇದೆಂಥ ನ್ಯಾಯ? ಉತ್ತರಾರ್ಧಗೋಳದಲ್ಲಿ ಕಡಿಮೆ ಒತ್ತಡದ ಸುತ್ತ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅದರ ದಕ್ಷಿಣದ ಮಗ್ಗುಲಲ್ಲಿ ಪಶ್ಚಿಮದ ಗಾಳಿ ಬಿರುಸಾಗುತ್ತದೆ, ಘಟ್ಟಕ್ಕೆ ಬೀಳುವ ಹೊಡೆತವೂ ಜೋರಾಗುತ್ತದೆ.

● ಸಮುದ್ರಕ್ಕಷ್ಟೇ ಅಲ್ಲ, ಗಾಳಿಗೂ ಉಬ್ಬರವಿಳಿತವಿದೆ. ನಮ್ಮ ಸೀಮೆಯಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಸುಮಾರು ಹತ್ತಕ್ಕೆ ಒತ್ತಡ ಏರುತ್ತದೆ, ಸಂಜೆ ಮತ್ತು ನಸುಕಿನ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಸಂಜೆ ವಾಯುಭಾರಮಾಪಕದ ಮುಳ್ಳು ಒಂದಿಷ್ಟು ಇಳಿಯಿತೆಂದು ಬಟ್ಟೆ ಒಳಗೆ ತರಬೇಡಿ.

● ಚಳಿಗಾಲದಲ್ಲಿ ಅಧಿಕ ಒತ್ತಡದ್ದೇ ದರ್ಬಾರು. ಮೇಲಿನಿಂದ ಇಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಮೋಡದ ಹೊದಿಕೆಯಿಲ್ಲದ ನೆಲ ರಾತ್ರಿ ಬೇಗ ತಣಿಯುತ್ತದೆ. ಬೆಳಗಿನ ಒಲೆಯ ಹೊಗೆಯೂ ಮೇಲೇರಲಾರದೆ ಕಣಿವೆಯಲ್ಲೇ ಅಡ್ಡ ಮಲಗಿರುತ್ತದೆ.

● 2020ರ ಜೂನ್ 3ರಂದು ಅಲಿಬಾಗ್‌ನ ದಕ್ಷಿಣಕ್ಕೆ ದಡ ಹತ್ತಿದ ‘ನಿಸರ್ಗ’ ಚಂಡಮಾರುತ ಘಟ್ಟವನ್ನೂ ಏರಿ ಪುಣೆ ಜಿಲ್ಲೆಗೆ ನುಗ್ಗಿತ್ತು. 1999ರ ಒಡಿಶಾ ಸೂಪರ್ ಸೈಕ್ಲೋನ್‌ನ ಕೇಂದ್ರದಲ್ಲಿ ಒತ್ತಡ 912ಕ್ಕೆ ಇಳಿದಿತ್ತು. ಲೋಣಾವಳಾದಲ್ಲಿ ದಿನವೂ ಇರುವುದಕ್ಕಿಂತ ಕಡಿಮೆ, ಅದೂ ಸಮುದ್ರಮಟ್ಟದಲ್ಲಿ!

● ಲೋಣಾವಳಾದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 98ಕ್ಕೆ. ಚಹಾದ ರುಚಿಗೇನೂ ಕುಂದಿಲ್ಲ.

● ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು, 1944ರಲ್ಲಿ ದೆಹಲಿಗೆ ಹೋಯಿತು. ಹೆಸರು ಮಾತ್ರ ಊರು ಬಿಡಲಿಲ್ಲ: ಶಿವಾಜಿನಗರದ ಆ ಕಟ್ಟಡ ಪುಣೆಯವರ ಬಾಯಲ್ಲಿ ಈಗಲೂ ‘ಸಿಮ್ಲಾ ಆಫೀಸ್’.