ಪಿಕಪ್ ವಾಹನದ ತೆಳು ತಗಡು: ಕಾರಣ ಮತ್ತು ರಕ್ಷಣೆ

ಟೊಮ್ಯಾಟೊ, ಸೊಪ್ಪು, ತೆಂಗಿನಕಾಯಿಗಳನ್ನು ಮಾರುಕಟ್ಟೆಗೆ ಒಯ್ಯಲು, ಹಿಂದಿರುಗುವಾಗ ಗೊಬ್ಬರ, ಹಿಂಡಿ, ಬಿತ್ತನೆ ಬೀಜ ತರಲು ಇಂದು ಅನೇಕ ರೈತರು ಪಿಕಪ್ ವಾಹನಗಳನ್ನು ಇಟ್ಟುಕೊಂಡಿದ್ದಾರೆ. ಸಾಲ ಮಾಡಿ ಕೊಂಡವರೂ ಬಹಳ. ಕಂತು ತೀರುವ ಮೊದಲೇ ತಗಡು ತೂತು ಬಿದ್ದರೆ ಆಗುವ ನಷ್ಟ ಸಣ್ಣದಲ್ಲ.

‘ಹಳೆಯ ಜೀಪಿನ ಬಾನೆಟ್ ಮೇಲೆ ಹತ್ತಿ ನಿಲ್ಲಬಹುದಿತ್ತು, ಈಗಿನದು ಹೆಬ್ಬೆರಳಿಗೇ ತಗ್ಗುತ್ತದೆ’ ಎಂಬುದು ಸಾಮಾನ್ಯ ದೂರು. ತಗಡು ತೆಳುವಾಗಿರುವುದು ನಿಜ. ಆದರೆ ಇಷ್ಟರಿಂದಲೇ ವಾಹನ ದುರ್ಬಲವಾಯಿತೆಂದು ತಿಳಿಯಬೇಕಿಲ್ಲ. ತೆಳು ತಗಡಿಗೆ ಹೆಚ್ಚಿನ ಅಪಾಯ ಇರುವುದು ತುಕ್ಕಿನಿಂದ. ತುಕ್ಕನ್ನು ತಡೆಯುವುದು ಬಹುಮಟ್ಟಿಗೆ ವಾಹನದ ಒಡೆಯನ ಕೈಯಲ್ಲೇ ಇದೆ.

ಭಾರ ಹೊರುವುದು ಯಾವುದು?

ಬಹುತೇಕ ಪಿಕಪ್‌ಗಳಲ್ಲಿ ಹೇರಿನ ಭಾರವನ್ನು ಹೊರುವುದು ಕೆಳಗಿರುವ ಏಣಿಯಾಕಾರದ ಚಾಸಿ. ಚಕ್ರ, ಪಟ್ಟಿ ಸ್ಪ್ರಿಂಗು, ಎಂಜಿನ್ ಎಲ್ಲವೂ ಇದಕ್ಕೇ ಜೋಡಣೆಯಾಗಿರುತ್ತವೆ. ಬಾನೆಟ್, ಮಡ್‌ಗಾರ್ಡ್, ಬಾಗಿಲಿನ ಹೊರಮೈಗಳ ಕೆಲಸ ಮಳೆ, ಗಾಳಿ, ಧೂಳನ್ನು ತಡೆದು ಆಕಾರ ಉಳಿಸಿಕೊಳ್ಳುವುದು. ಸುಮಾರು 0.7ರಿಂದ 0.8 ಮಿ.ಮೀ. ದಪ್ಪದ ತಗಡು ಈ ಕೆಲಸಕ್ಕೆ ಸಾಕು. ಹೇರು ಕೂರುವ ಅಡಿತಗಡು ಇದಕ್ಕಿಂತ ದಪ್ಪವಾಗಿದ್ದು, ಉದ್ದಕ್ಕೂ ಏಣುಗಳನ್ನು ಹೊಂದಿರುತ್ತದೆ.

ತೆಳುಗೊಳಿಸಿದ್ದೇಕೆ?

ಉಕ್ಕಿನ 1 ಮಿ.ಮೀ. ದಪ್ಪದ ತಗಡು ಒಂದು ಚದರ ಮೀಟರಿಗೆ 7.85 ಕಿ.ಗ್ರಾಂ. ತೂಗುತ್ತದೆ. ಒಂದು ವಾಹನಕ್ಕೆ 20 ಚದರ ಮೀಟರ್ ತಗಡು ಬೇಕೆಂದು ಲೆಕ್ಕ ಹಿಡಿದರೆ, ದಪ್ಪವನ್ನು 0.9ರಿಂದ 0.7 ಮಿ.ಮೀ.ಗೆ ಇಳಿಸಿದಾಗ ಸುಮಾರು 31 ಕಿ.ಗ್ರಾಂ. ಉಳಿಯುತ್ತದೆ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕದಲ್ಲಿ ವಾಹನದ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ಹೇರಬಹುದಾದ ಭಾರ. ಆದ್ದರಿಂದ ತಗಡಿನಲ್ಲಿ ಉಳಿದ ತೂಕವನ್ನು ಸರಕಿಗೆ ಬಳಸಬಹುದು. ಖಾಲಿ ಓಡುವಾಗ ಇಂಧನವೂ ಸ್ವಲ್ಪ ಉಳಿಯುತ್ತದೆ. ತಯಾರಕರಿಗೆ ಉಕ್ಕಿನ ಖರ್ಚು ಕಡಿಮೆಯಾಗುವುದೂ ಒಂದು ಕಾರಣವೇ.

ತೂಕ ಇಳಿಸುವ ಪ್ರಯತ್ನ ಬೇರೆ ದೇಶಗಳಲ್ಲೂ ನಡೆದಿದೆ. ಅಮೆರಿಕದ ಫೋರ್ಡ್ ಕಂಪನಿ 2015ರ ಮಾದರಿಯ ಎಫ್-150 ಪಿಕಪ್‌ಗೆ ಉಕ್ಕಿನ ಚಾಸಿಯನ್ನೇ ಉಳಿಸಿಕೊಂಡು, ಬಾಡಿಯನ್ನು ಮಾತ್ರ ಅಲ್ಯುಮಿನಿಯಂ ಮಿಶ್ರಲೋಹಕ್ಕೆ ಬದಲಾಯಿಸಿತು. ಇದರಿಂದ ಒಟ್ಟಾರೆ 300 ಕಿ.ಗ್ರಾಂ.ಗೂ ಹೆಚ್ಚು ತೂಕ ಇಳಿಸಲು ಸಾಧ್ಯವಾಯಿತು.

ತೆಳು ತಗಡು ಆಕಾರ ಉಳಿಸಿಕೊಳ್ಳುವ ಬಗೆ

ಚಪ್ಪಟೆ ತಗಡು ಬಾಗದೆ ನಿಲ್ಲುವ ಗುಣ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. 1 ಮಿ.ಮೀ. ತಗಡಿನ ಬದಲು 0.7 ಮಿ.ಮೀ. ತಗಡು ಬಳಸಿದರೆ ಈ ಗುಣ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೆಬ್ಬೆರಳಿಗೆ ತಗಡು ತಗ್ಗುವುದು ಇದರಿಂದಲೇ. ಈ ಕೊರತೆಯನ್ನು ತುಂಬಲು ತಗಡಿಗೆ ಉಬ್ಬು, ಮಡಿಕೆ, ಏಣುಗಳನ್ನು ಒತ್ತುತ್ತಾರೆ. ಕೊಟ್ಟಿಗೆಗೆ ಹೊದಿಸುವ ಜಿಂಕ್ ಶೀಟು ಅಲೆಅಲೆಯಾಗಿರುವುದಕ್ಕೂ ಇದೇ ಕಾರಣ. ಜೊತೆಗೆ ಹೊರಮೈಗೆ ಬಳಸುವ ಕೆಲವು ಬಗೆಯ ಉಕ್ಕು, ಕಾರ್ಖಾನೆಯಲ್ಲಿ ಬಣ್ಣ ಒಣಗಿಸುವ ಸುಮಾರು 170 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ.

ತುಕ್ಕಿನ ಲೆಕ್ಕ

ತುಕ್ಕು ತಗಡಿನ ದಪ್ಪವನ್ನು ನೋಡಿ ತಿನ್ನುವುದಿಲ್ಲ. ಬಣ್ಣ ಹೋದ ಜಾಗದಲ್ಲಿ ವರ್ಷಕ್ಕೆ ಒಂದೊಂದು ಮುಖದಿಂದ 0.05 ಮಿ.ಮೀ. ಸವೆಯುತ್ತದೆ ಎಂದಿಟ್ಟುಕೊಳ್ಳಿ. ಐದು ವರ್ಷದಲ್ಲಿ ಎರಡೂ ಮುಖ ಸೇರಿ 0.5 ಮಿ.ಮೀ. ಹೋಗುತ್ತದೆ. 3 ಮಿ.ಮೀ. ದಪ್ಪದ ಉಕ್ಕಿಗೆ ಇದು ಆರನೆಯ ಒಂದು ಭಾಗ ಮಾತ್ರ. ಆದರೆ 0.7 ಮಿ.ಮೀ. ತಗಡಿನಲ್ಲಿ ಉಳಿಯುವುದು 0.2 ಮಿ.ಮೀ. ಅಷ್ಟೇ. ತುಕ್ಕು ಎಲ್ಲೆಡೆ ಸಮನಾಗಿ ತಿನ್ನದೆ ಕುಳಿ ಕೊರೆಯುವುದರಿಂದ ತೂತು ಇನ್ನೂ ಬೇಗ ಬೀಳಬಹುದು.

ಅನೇಕ ವಾಹನಗಳ ತಗಡಿಗೆ ಸತುವಿನ ಲೇಪವಿರುತ್ತದೆ. ಗೀರು ಬಿದ್ದಲ್ಲಿ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಆದರೆ ಈ ಲೇಪದ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಆದ್ದರಿಂದ ಇದರ ರಕ್ಷಣೆಗೂ ಒಂದು ಮಿತಿಯುಂಟು.

ಕೃಷಿ ಸಾಗಣೆಯಲ್ಲಿ ತುಕ್ಕಿಗೆ ಅನುಕೂಲ ಹೆಚ್ಚು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿ ಸುಮಾರು ಅರ್ಧದಷ್ಟು ಕ್ಲೋರೈಡ್ ಅಂಶವಿರುತ್ತದೆ. ಉಪ್ಪಿನಂತೆಯೇ ಇದು ಕಬ್ಬಿಣವನ್ನು ಬೇಗ ತಿನ್ನಿಸುತ್ತದೆ. ಚೆಲ್ಲಿದ ಯೂರಿಯಾ ಗಾಳಿಯ ತೇವವನ್ನು ಹೀರಿ ತಗಡನ್ನು ಒದ್ದೆಯಾಗಿಡುತ್ತದೆ. ಸಗಣಿ, ಗಂಜಲ, ಕೊಳೆತ ಟೊಮ್ಯಾಟೊ ರಸಗಳೂ ಹಾನಿಕರ. ಕರಾವಳಿಯಲ್ಲಿ ಉಪ್ಪುಗಾಳಿಯ ಜೊತೆಗೆ, ಮೀನು ಸಾಗಿಸುವ ವಾಹನಗಳಲ್ಲಿ ಮಂಜುಗಡ್ಡೆ ಕರಗಿ ಸುರಿಯುವ ಉಪ್ಪುನೀರೂ ಸೇರುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಗೊಬ್ಬರ, ಸಗಣಿ ಅಥವಾ ಮೀನು ಇಳಿಸಿದ ದಿನವೇ ಗುಡಿಸಿ, ಸಿಹಿನೀರಿನಿಂದ ತೊಳೆಯಬೇಕು. ಅಡಿಭಾಗ ಮತ್ತು ಮಡ್‌ಗಾರ್ಡಿನ ಒಳಮೈಗೂ ನೀರು ಹಾಯಿಸಿ, ಅಂಟಿದ ಕೆಸರನ್ನು ತೆಗೆಯಬೇಕು. ತೊಳೆದ ನಂತರ ಹಿಂಬಾಗಿಲು ತೆರೆದು ಒಣಗಲು ಬಿಡಬೇಕು.

2. ಬಾಗಿಲಿನ ಕೆಳ ಅಂಚು ಮತ್ತು ಅಡಿತಗಡಿನಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ತಿಂಗಳಿಗೊಮ್ಮೆ ಕಡ್ಡಿಯಿಂದ ಬಿಡಿಸಬೇಕು. ಮುಚ್ಚಿದ ರಂಧ್ರದ ಒಳಗೆ ನಿಂತ ನೀರು ಒಳಗಿನಿಂದಲೇ ತಗಡನ್ನು ತಿನ್ನುತ್ತದೆ.

3. ಬಣ್ಣ ಗುಳ್ಳೆ ಎದ್ದರೆ ಅಡಿಯಲ್ಲಿ ತುಕ್ಕು ಉಬ್ಬಿದೆ ಎಂದು ತಿಳಿಯಬೇಕು. ಅಲ್ಲಿ ಎಮರಿ ಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಪ್ರೈಮರ್ ಬಳಿದು, ಒಣಗಿದ ನಂತರ ಬಣ್ಣ ಹಚ್ಚಬೇಕು. ತುಕ್ಕಿನ ಮೇಲೆಯೇ ಬಣ್ಣ ಅಥವಾ ಡಾಂಬರು ಬಳಿದರೆ ತೇವ ಒಳಗೇ ಉಳಿದು ಹಾನಿ ಮುಂದುವರಿಯುತ್ತದೆ.

4. ಅಡಿತಗಡಿನ ಮೇಲೆ ಇನ್ನೊಂದು ದಪ್ಪ ತಗಡನ್ನು ಬೆಸೆಸುವುದು ರೂಢಿಯಲ್ಲಿದೆ. 2.5 ಮೀಟರ್ ಉದ್ದ, 1.7 ಮೀಟರ್ ಅಗಲದ ಅಡಿಗೆ 2 ಮಿ.ಮೀ. ತಗಡು ಹಾಕಿಸಿದರೆ ಸುಮಾರು 67 ಕಿ.ಗ್ರಾಂ. ತೂಕ ಸೇರುತ್ತದೆ. ಅಂದರೆ 45 ಕಿ.ಗ್ರಾಂ.ನ ಒಂದೂವರೆ ಚೀಲ ಯೂರಿಯಾವನ್ನು ಪ್ರತಿ ಸಲವೂ ಬಾಡಿಗೆಯಿಲ್ಲದೆ ಹೊತ್ತಂತೆ. ಎರಡು ತಗಡುಗಳ ನಡುವೆ ನೀರು ಸಿಕ್ಕಿಕೊಂಡು ಕೆಳಗಿನದು ಕಾಣದಂತೆ ತುಕ್ಕು ಹಿಡಿಯುತ್ತದೆ. ಇದರ ಬದಲು ಎತ್ತಿ ತೊಳೆಯಬಹುದಾದ ರಬ್ಬರ್ ಹಾಸು ಉತ್ತಮ.

5. ತಗಡಿಗೆ ಬೆಸುಗೆ ಹಾಕಿಸಬೇಕಾದಾಗ ತೆಳು ತಗಡಿನ ಟಿಂಕರಿಂಗ್ ಬಲ್ಲವರಿಂದಲೇ ಮಾಡಿಸಬೇಕು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಬೆಸುಗೆಯ ಕಾವಿಗೆ ಹಿಂಬದಿಯ ಸತು, ಬಣ್ಣಗಳೂ ಸುಟ್ಟುಹೋಗುವುದರಿಂದ ಎರಡೂ ಬದಿಗೆ ಪ್ರೈಮರ್ ಅಗತ್ಯ. ಸುಟ್ಟ ಸತುವಿನ ಹೊಗೆ ಸೇವನೆಯಿಂದ ಜ್ವರ ಬರಬಹುದಾದ್ದರಿಂದ ಗಾಳಿಯಾಡುವ ಸ್ಥಳದಲ್ಲಿ ಕೆಲಸ ನಡೆಯಬೇಕು.

ಹಳೆಯ ವಾಹನ ಕೊಳ್ಳುವಾಗ

ಹೊಸ ಬಣ್ಣದ ಹೊಳಪಿಗೆ ಮರುಳಾಗಬಾರದು. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಉಕ್ಕಿನ ತಗಡಿನ ಮೇಲೆ ಆಡಿಸಿದರೆ, ತೂತಿಗೆ ಪುಟ್ಟಿ ತುಂಬಿದ ಜಾಗದಲ್ಲಿ ಅದು ಅಂಟುವುದಿಲ್ಲ. ನಂತರ ವಾಹನದ ಅಡಿಗೆ ಹೋಗಿ ಚಾಸಿಯನ್ನು, ಅದರಲ್ಲೂ ಸ್ಪ್ರಿಂಗು ಕೂರುವ ಜಾಗಗಳನ್ನು ಪರೀಕ್ಷಿಸಬೇಕು. ಹೊರತಗಡಿನ ತಗ್ಗು, ತೂತುಗಳನ್ನು ಸರಿಪಡಿಸಬಹುದು. ಚಾಸಿಯೇ ಪದರಪದರವಾಗಿ ಉದುರುತ್ತಿದ್ದರೆ ಅಂತಹ ವಾಹನ ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಹೇರಿನ ಭಾರವನ್ನೂ ಚಾಲಕನ ಜೀವವನ್ನೂ ಹೊರಬೇಕಾದುದು ಅದೇ.

ಎತ್ತಿನ ಮೈ ತೊಳೆಯದೆ ಕೊಟ್ಟಿಗೆಗೆ ಕಟ್ಟದ ರೈತನಿಗೆ ವಾಹನ ತೊಳೆದು ನಿಲ್ಲಿಸುವುದು ಹೊಸ ಪಾಠವೇನಲ್ಲ. ಗೊಬ್ಬರ ಇಳಿಸಿದ ದಿನ ನಾಲ್ಕು ಕೊಡ ನೀರು, ಮಳೆಗಾಲದ ಮೊದಲು ಮತ್ತು ನಂತರ ಒಂದೊಂದು ದಿನದ ತಪಾಸಣೆ, ಇಷ್ಟನ್ನು ತಪ್ಪದೆ ಮಾಡಿದಲ್ಲಿ ತೆಳು ತಗಡಿನ ವಾಹನವೂ ಕಂತು ತೀರಿದ ಮೇಲೆ ಬಹುಕಾಲ ದುಡಿದುಕೊಡುತ್ತದೆ.