ಕವಚಕ್ಕೆ ಮೊದಲು ಕೌದಿ

ದಸರಾ ರಜೆ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಶಾಲೆ, ಕಾಲೇಜುಗಳಲ್ಲಿ ಖಡ್ಗ, ಢಾಲು, ಶಿರಸ್ತ್ರಾಣಗಳ ಮಾತು ಶುರುವಾಗುತ್ತದೆ. ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. ಅದರ ಬೆನ್ನಿಗೇ ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆ, ಆಮೇಲೆ ಕಾಲೇಜುಗಳ ಗ್ಯಾದರಿಂಗ್. ಚೆನ್ನಮ್ಮ, ರಾಯಣ್ಣ, ಪುಲಿಕೇಶಿ, ಕರ್ಣ ಎಲ್ಲರಿಗೂ ಕವಚ ಬೇಕು. ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ತಗಡಿನ್ಯಾಗ ಮಾಡೂಣೋ, ಥರ್ಮಾಕೋಲಿನ್ಯಾಗ ಮಾಡೂಣೋ, ಸರ್?"

ಅದಕ್ಕೆ ಉತ್ತರ ಹೇಳುವ ಮೊದಲು ನಾನು ಮೂರು ಸಂಗತಿ ಕೇಳುತ್ತೇನೆ. ಎಷ್ಟು ಹೊತ್ತು ತೊಡಬೇಕು? ತೊಟ್ಟವರು ನಿಲ್ಲಬೇಕೋ, ಕುಣಿಯಬೇಕೋ, ಕುದುರೆ ಏರಬೇಕೋ? ನೋಡುವವರು ಎಷ್ಟು ದೂರದಲ್ಲಿ ಇರುತ್ತಾರೆ? ಇಷ್ಟು ಗೊತ್ತಾದರೆ ಅರ್ಧ ಸಾಮಾನು ತಾನಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತದೆ.

ಮೊದಲು ತೂಕದ ಲೆಕ್ಕ. ಎದೆ, ಬೆನ್ನು, ಭುಜ, ಮುಂಗೈ, ತೊಡೆ, ಮೊಣಕಾಲು ಎಲ್ಲ ಮುಚ್ಚುವ ಕವಚಕ್ಕೆ ಬೆಳೆದ ಆಳಿಗೆ ಸುಮಾರು ಒಂದೂವರೆ ಚದರ ಮೀಟರ್ ಹಾಳೆ ಹಿಡಿಯುತ್ತದೆ. 1 ಮಿ.ಮೀ. ದಪ್ಪದ ಕಬ್ಬಿಣದ ತಗಡಾದರೆ ಅಷ್ಟಕ್ಕೇ ಹತ್ತಿರ ಹತ್ತಿರ 12 ಕಿಲೋ. ಅದೇ ದಪ್ಪದ ಅಲ್ಯುಮಿನಿಯಂ 4 ಕಿಲೋ. ಫೈಬರ್ 2 ಮಿ.ಮೀ. ಎಳೆದರೂ ನಾಲ್ಕೂವರೆ ಕಿಲೋ ಆಸುಪಾಸು. ಫಲಕ ಮಾಡುವವರು ಬಳಸುವ 3 ಮಿ.ಮೀ.ಯ ಸನ್‌ಬೋರ್ಡ್ ಎರಡೂವರೆ ಕಿಲೋದೊಳಗೆ ನಿಲ್ಲುತ್ತದೆ. ಇವಿಎ ಫೋಮ್ 10 ಮಿ.ಮೀ. ದಪ್ಪವಿದ್ದರೂ ಒಂದೂವರೆ ಕಿಲೋ. ಯುರೋಪಿನ ಸರದಾರರು 15ರಿಂದ 25 ಕಿಲೋ ಉಕ್ಕು ತೊಟ್ಟು ಕಾದಿದ್ದು ನಿಜ. ಆದರೆ ಅವರು ಚಿಕ್ಕಂದಿನಿಂದ ಅದಕ್ಕೇ ಪಳಗಿದವರು. ನಮ್ಮ ಹುಡುಗ ಮುಂಜಾನೆ ಎಂಟಕ್ಕೆ ತೊಟ್ಟು ಮಧ್ಯಾಹ್ನ ಒಂದರವರೆಗೆ ಬಿಸಿಲಲ್ಲಿ ನಡೆಯಬೇಕು.

ನಮ್ಮ ಸೀಮೆಯಲ್ಲಿ ಕವಚವೆಂದರೆ ಪೂರ್ತಿ ಲೋಹವೇನೂ ಆಗಿರಲಿಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಸೈನಿಕರು ತೊಟ್ಟಿದ್ದ ಪದರ ಪದರ ಸೇರಿಸಿ ಹೊಲಿದ ದಪ್ಪ ಅಂಗಿಗಳನ್ನು ವರ್ಣಿಸಿದ್ದಾನೆ. ಪದರ ಸೇರಿಸಿ ಹೊಲಿಯುವ ಆ ವಿದ್ಯೆ ಇವತ್ತಿಗೂ ಧಾರವಾಡ ಸೀಮೆಯ ಮನೆಗಳಲ್ಲಿ ಕೌದಿಯಾಗಿ ಉಳಿದಿದೆ. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ದಾರ ಓಡಿಸುತ್ತಾರೆ. ನಾನು ಮಾಡಿಸುವ ಪ್ರತಿ ಕವಚದ ಒಳಗೂ ತೋಳಿಲ್ಲದ ಒಂದು ಕೌದಿ ಅಂಗಿ ಇರುತ್ತದೆ, ಮೂರು ಪದರ ಹತ್ತಿಯದು. ಬೆವರು ಹೀರುತ್ತದೆ, ಫೋಮು ಮೈಗೆ ತಿಕ್ಕುವುದನ್ನು ತಡೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕವಚದ ತುಂಡುಗಳನ್ನು ಕಟ್ಟಲು ಗಟ್ಟಿ ಆಧಾರ ಕೊಡುತ್ತದೆ. ಕೌದಿ ಹೊಲಿಯುವ ಅಜ್ಜಿಯೊಬ್ಬರು ಅಂಗಿಯ ಭುಜದ ಮೇಲೆ ಇನ್ನೂ ಎರಡು ಪದರ ತಾವಾಗಿಯೇ ಏರಿಸಿ ಕೊಟ್ಟಿದ್ದರು. "ಭಾರ ಕುಂಡ್ರೂದು ಇಲ್ಲೇ ಅಲ್ಲಪಾ" ಅಂದರು. ಅಂದಿನಿಂದ ಎಲ್ಲ ಅಂಗಿಗೂ ಅದೇ ಅಳತೆ.

ಕಿತ್ತೂರಿನ ಪಾತ್ರಗಳಿಗಂತೂ ಈ ಕೌದಿ ಅಂಗಿಯ ಮೇಲೆ ಒಂದು ಎದೆತಟ್ಟೆ, ಮುಂಗೈಗೆ ಪಟ್ಟಿ, ಸೊಂಟಕ್ಕೆ ದಟ್ಟಿ ಸಾಕು. 1824ರಲ್ಲಿ ಥ್ಯಾಕರೆಯ ಪಡೆಯನ್ನು ಎದುರಿಸಿದವರನ್ನು ರೋಮನ್ ಸೈನಿಕರಂತೆ ತಗಡಿನಲ್ಲಿ ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಪೌರಾಣಿಕದ ಮಾತು ಬೇರೆ. ಅಲ್ಲಿ ನಮಗೆ ದೊಡ್ಡಾಟದ ದಾರಿ ಇದೆ: ಹಗುರ ಕಟ್ಟಿಗೆಯ ಭುಜಕೀರ್ತಿ, ಎದೆಗಟ್ಟು, ಕಿರೀಟ, ಮೇಲೆ ಬೇಗಡೆ ಹಾಳೆ, ಕನ್ನಡಿ ಚೂರು. ರಾತ್ರಿಯ ದೀಪದಲ್ಲಿ ಐವತ್ತು ಅಡಿ ದೂರದಿಂದ ನೋಡುವವರಿಗೆ ಮಿನುಗಬೇಕೆಂದೇ ಹುಟ್ಟಿದ ಸಾಮಾನು ಅದು. ಹಗಲು ಮೆರವಣಿಗೆಯಲ್ಲಿ, ಮೊಬೈಲ್ ಹಿಡಿದು ಮೂರು ಅಡಿ ಹತ್ತಿರ ಬರುವವರ ಮುಂದೆ ಅದೇ ಬೇಗಡೆ ಸುಕ್ಕು ತೋರಿಸುತ್ತದೆ.

ಹಾಗಾಗಿ ಹೆಚ್ಚಿನ ಕೆಲಸಕ್ಕೆ ನನ್ನ ಆಯ್ಕೆ ಇವಿಎ ಫೋಮ್. ಹಗುರ ಚಪ್ಪಲಿಗಳ ಅಟ್ಟೆ ಇದರದ್ದೇ. ಮಕ್ಕಳು ಆಡಲು ನೆಲಕ್ಕೆ ಹಾಸುವ, ಹಲ್ಲುಹಲ್ಲಾಗಿ ಜೋಡಿಸುವ ಚೌಕಗಳೂ ಬಹುಪಾಲು ಇದೇ. ಕೊಳ್ಳುವಾಗ ಒಂದು ಎಚ್ಚರ ಬೇಕು. ಟಿವಿ, ಫ್ರಿಜ್ ಸುತ್ತಿ ಬರುವ ಬಿಳಿ ಫೋಮ್ ಇವಿಎ ಅಲ್ಲ. ಅದಕ್ಕೆ ಅಂಟೂ ಹಿಡಿಯದು, ಬಣ್ಣವೂ ನಿಲ್ಲದು. ಇವಿಎ ಮೈ ನುಣುಪು, ಕಣ್ಣಿಗೆ ರಂಧ್ರ ಕಾಣದಷ್ಟು ಸಣ್ಣ. ಬೆರಳಿಂದ ಒತ್ತಿದರೆ ತಗ್ಗಾಗಿ ಮೆಲ್ಲಗೆ ಮೇಲೇಳುತ್ತದೆ. ಎದೆ, ಬೆನ್ನಿಗೆ 8ರಿಂದ 10 ಮಿ.ಮೀ., ತೋಳು, ಕಾಲಿಗೆ 5 ಅಥವಾ 6, ಮೇಲಿನ ಬಳ್ಳಿ, ಅಂಚು, ಮೊಳೆತಲೆಗಳಿಗೆ 2 ಮಿ.ಮೀ. ಎಲ್ಲವನ್ನೂ ಒಂದೇ ದಪ್ಪದಲ್ಲಿ ಕೊಯ್ದರೆ ಮೊಣಕೈ ಮಡಚಲು ಬರುವುದಿಲ್ಲ.

ಈ ಫೋಮಿನ ದೊಡ್ಡ ಗುಣವೆಂದರೆ ಕಾವಿಗೆ ಬಾಗಿ, ಆರಿದ ಮೇಲೆ ಹಾಗೇ ನಿಲ್ಲುವುದು. ಹೀಟ್ ಗನ್ನನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತ ಇರಬೇಕು. ಮೈ ತುಸು ಹೊಳಪು ತಿರುಗಿದಾಗ ಗಡಿಗೆಯ ಮೇಲೋ, ಮೊಣಕಾಲ ಮೇಲೋ ಒತ್ತಿ ಹಿಡಿದು ಆರಲು ಬಿಡಬೇಕು. ಎದೆಯ ಉಬ್ಬು ಕಾವಿನಿಂದಷ್ಟೇ ಬರುವುದಿಲ್ಲ. ರವಿಕೆ ಹೊಲಿಯುವವರು ಹಿಡಿಯುವ ಡಾಟ್ಸ್ ಇಲ್ಲೂ ಬೇಕು: ಸಣ್ಣ ತ್ರಿಕೋನ ಕೊಯ್ದು ತೆಗೆದು ಎರಡು ಅಂಚು ಕೂಡಿಸಿದರೆ ಚಪ್ಪಟೆ ಹಾಳೆ ತಾನೇ ಗುಂಡಾಗುತ್ತದೆ. ಆದ್ದರಿಂದ ಮೊದಲು ಹಳೆಯ ಪೇಪರಿನಲ್ಲಿ ನಮೂನೆ ಕತ್ತರಿಸಿ, ಮೈಮೇಲೆ ಟೇಪು ಹಚ್ಚಿ ನೋಡಿ, ಆಮೇಲೆ ಫೋಮಿಗೆ ಬ್ಲೇಡು ಇಡಿ. ಬ್ಲೇಡು ಮೊಂಡಾದರೆ ಫೋಮು ಹರಿದು ಅಂಚು ನುರಿಯುತ್ತದೆ. ಒಂದು ಕವಚಕ್ಕೆ ಹತ್ತು ಬ್ಲೇಡು ಹೋದರೂ ಲೆಕ್ಕ ಹಿಡಿಯಬೇಡಿ.

ಅಂಟು ಸೋಫಾ, ಚಪ್ಪಲಿ ಮಾಡುವವರದ್ದು. ಎರಡೂ ಅಂಚಿಗೆ ತೆಳ್ಳಗೆ ಸವರಿ, ಹತ್ತು-ಹದಿನೈದು ನಿಮಿಷ ಬಿಟ್ಟು, ಮುಟ್ಟಿದರೆ ಬೆರಳಿಗೆ ಹತ್ತದಂತಾದಾಗ ಒತ್ತಬೇಕು. ಹಸಿ ಇದ್ದಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಒಮ್ಮೆ ಹಿಡಿದರೆ ಸರಿಸಲು ಬರುವುದಿಲ್ಲ. ಅದರ ವಾಸನೆ ತಲೆಗೆ ಏರುವಂಥದ್ದು. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮಕ್ಕಳನ್ನು ಸುತ್ತ ಕೂಡ್ರಿಸಿಕೊಂಡು ಈ ಕೆಲಸ ಮಾಡಲೇಬೇಡಿ. ಪಡಸಾಲೆಯೋ, ಮಾಳಿಗೆಯೋ ಆಗಬೇಕು.

ಇದೇ ಅಂಟು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ, ಸ್ಪ್ರೇ ಬಣ್ಣವೂ ಅಷ್ಟೇ. ಇದನ್ನು ನಾನು ತಿಳಿದದ್ದು ಒಂದು ನಾಟಕದ ಹಿಂದಿನ ರಾತ್ರಿ. ಥರ್ಮಾಕೋಲಿನ ಎದೆತಟ್ಟೆಗೆ ಬಂಗಾರದ ಬಣ್ಣ ಸಿಂಪಡಿಸಿದೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಗೆದ್ದಲು ತಿಂದಂತೆ ಗುಳಿಬಿತ್ತು. ಥರ್ಮಾಕೋಲೇ ಬೇಕೆಂದರೆ ಬಿಳಿ ಫೆವಿಕಾಲಿನಲ್ಲಿ ಮಲ್ಲು ಬಟ್ಟೆ ಅದ್ದಿ ಎರಡು ಪದರ ಹೊದಿಸಿ, ಒಣಗಿದ ಮೇಲೆ ನೀರಿನ ಬಣ್ಣ ಹಚ್ಚಿ. ಆದರೂ ಅದು ಬಾಗುವುದಿಲ್ಲ, ಮುರಿಯುತ್ತದೆ. ಟ್ರ್ಯಾಕ್ಟರ್ ಮೇಲಿನ ಸ್ತಬ್ಧಚಿತ್ರದ ಕೋಟೆಗೆ ಅದು ಸರಿ, ನಡೆಯುವ ಮನುಷ್ಯನಿಗೆ ಅಲ್ಲ.

ಕೈಯಲ್ಲಿ ದುಡ್ಡು ಕಮ್ಮಿ, ದಿನ ಹೆಚ್ಚು ಇದ್ದವರಿಗೆ ರಟ್ಟು ಮತ್ತು ಕಾಗದ ಈಗಲೂ ಒಳ್ಳೆಯ ಸಾಮಾನು. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟನ್ನು ನೆಚ್ಚಿಕೊಂಡೇ ತಲೆಮಾರುಗಳಿಂದ ಗೊಂಬೆ, ಮೂರ್ತಿ ಮಾಡುತ್ತ ಬಂದವರು. ಆ ಅಂಟಿನಲ್ಲಿ ಹಳೆಯ ಪೇಪರಿನ ಚೂರು ಅದ್ದಿ, ಗಡಿಗೆಯ ಮೇಲೆ ಏಳೆಂಟು ಪದರ ಕೂಡಿಸಿದರೆ ಚೆಂದದ ಶಿರಸ್ತ್ರಾಣವಾಗುತ್ತದೆ. ಪ್ರತಿ ಪದರ ಒಣಗಲು ಬಿಡುವ ತಾಳ್ಮೆ ಬೇಕು. ನೆನಪಿಡಿ, ಕಿತ್ತೂರು ಉತ್ಸವ ಬರುವುದು ಚಿತ್ತಿ ಮಳೆ ಮುಗಿದು ಸ್ವಾತಿ ಹಿಡಿಯುವ ದಿನಗಳಲ್ಲಿ. ವಾರ್ನಿಶ್ ಹಚ್ಚದ ಕಾಗದದ ಕವಚ ಒಂದು ಮಳೆಗೆ ಹಪ್ಪಳ ನೆನೆದಂತೆ ಇಳಿದುಹೋಗುತ್ತದೆ.

ಬಣ್ಣಕ್ಕೆ ಮೊದಲು ಫೋಮಿನ ಮೈ ಮುಚ್ಚಬೇಕು: ಕಾವು ಆಡಿಸಿ, ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಮೂರು ಸಲ ಹಚ್ಚಿ. ಕಬ್ಬಿಣದಂತೆ ಕಾಣಬೇಕೆಂದರೆ ಬೆಳ್ಳಿ ಬಣ್ಣವನ್ನೇ ನೇರ ಬಳಿಯಬೇಡಿ, ಫೋಟೋದಲ್ಲಿ ಬೂದಿಯಂತೆ ಕಾಣುತ್ತದೆ. ಮೊದಲು ಪೂರ್ತಿ ಕಪ್ಪು, ಅದು ಒಣಗಿದ ಮೇಲೆ ಬಹುತೇಕ ಒಣ ಬ್ರಶ್ಶಿನಿಂದ ಬೆಳ್ಳಿಯನ್ನು ಉಬ್ಬಿದ ಅಂಚುಗಳಿಗಷ್ಟೇ ತಾಗಿಸಿ. ಸರಪಳಿ ಅಂಗಿ ಬೇಕಾದರೆ ದಪ್ಪ ಹತ್ತಿ ದಾರದಲ್ಲಿ ಸಡಿಲಾಗಿ ಹೆಣೆಸಿ ಹೀಗೇ ಬಣ್ಣ ಕೊಡಿ; ರಂಗಭೂಮಿಯ ಹಳೆಯ ಉಪಾಯ ಅದು, ಹತ್ತು ಅಡಿಯಿಂದ ಯಾರೂ ಗುರುತು ಹಿಡಿಯರು.

ಒಂದು ಮಾತನ್ನು ಮಾತ್ರ ನಾನು ಪ್ರತಿಯೊಬ್ಬ ಮೇಷ್ಟ್ರಿಗೂ ಕೈಹಿಡಿದು ಹೇಳುತ್ತೇನೆ. ಫೋಮು, ಥರ್ಮಾಕೋಲು ಎರಡೂ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಕವಚ ತೊಟ್ಟವರ ಕೈಗೆ ಪಂಜು ಕೊಡಬೇಡಿ, ಅವರ ಪಕ್ಕದಲ್ಲೂ ಪಂಜು ಬೇಡ. ಪಂಜು ಹಿಡಿಯುವವರಿಗೆ ಬರೀ ಹತ್ತಿಬಟ್ಟೆಯ ವೇಷ ಇರಲಿ.

ಕೊನೆಗೆ ಕಟ್ಟುವ ಕೆಲಸ. ಎದೆ-ಬೆನ್ನಿನ ಭಾರ ಅರ್ಧದಷ್ಟು ಸೊಂಟಪಟ್ಟಿಗೆ ಇಳಿಯಬೇಕು. ಭುಜದ ತುಂಡು ಎದೆತಟ್ಟೆಗೆ ಅಂಟಿರಬಾರದು. ಕೌದಿ ಅಂಗಿಗೆ ಹೊಲಿದ ನೈಲಾನ್ ಪಟ್ಟಿಯಿಂದ ತೂಗಾಡಬೇಕು, ಆಗಲೇ ಖಡ್ಗದ ಕೈ ಮೇಲೆ ಏಳುತ್ತದೆ. ಶಾಲಾ ಚೀಲ ರಿಪೇರಿ ಮಾಡುವವರ ಬಳಿ ಸಿಗುವ ಬಕ್ಕಲ್‌ಗಳನ್ನು ಎಡಮಗ್ಗುಲಿಗೆ, ತೊಟ್ಟವರ ಬಲಗೈಗೆ ಎಟಕುವಂತೆ ಹಾಕಿ. ತಲೆ ಸುತ್ತಿದರೆ ಮತ್ತೊಬ್ಬರಿಗೆ ಕಾಯದೆ ಬಿಚ್ಚಿಕೊಳ್ಳಲು ಬರಬೇಕು. ಶಿರಸ್ತ್ರಾಣದ ಒಳಗೆ ತೆಳು ರುಮಾಲು ಸುತ್ತಿದರೆ ಜಾರುವುದಿಲ್ಲ, ಬೆವರು ಕಣ್ಣಿಗೆ ಇಳಿಯುವುದಿಲ್ಲ.

ಉತ್ಸವಕ್ಕೆ ನಾಲ್ಕು ದಿನ ಮುಂಚೆ ಪೂರ್ತಿ ತೊಡಿಸಿ ಎರಡು ತಾಸು ಬಿಡಿ. ನೀರು ಕುಡಿಯಲಿ, ಮೆಟ್ಟಿಲು ಹತ್ತಲಿ, ಬಗ್ಗಿ ಚಪ್ಪಲಿ ಮೆಟ್ಟಲಿ. ಧಾರವಾಡದಿಂದ ಕಿತ್ತೂರಿಗೆ ಸುಮಾರು 30 ಕಿ.ಮೀ.; ಅಷ್ಟು ದೂರ ಟೆಂಪೋದಲ್ಲಿ ಕೂತು ಹೋಗಬೇಕಾದ್ದರಿಂದ ಒಂದು ಸಣ್ಣ ಸ್ಟೂಲಿನ ಮೇಲೆ ಕೂಡ್ರಿಸಿಯೂ ನೋಡಿ. ತೊಡೆಯ ತಟ್ಟೆ ಹೊಟ್ಟೆಗೆ ಒತ್ತಿದರೆ ಎರಡು ಬೆರಳು ಅಗಲ ಕೊಯ್ದು ತೆಗೆಯಲು ಇನ್ನೂ ಸಮಯ ಇರುತ್ತದೆ.