ವ್ಯಾಪಾರಿ ದಂಪತಿಯ ಥಾಯ್ಲೆಂಡ್ ಪ್ರವಾಸ: ನೋಟವೂ ಲೆಕ್ಕವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಖಾತೆ ಪುಸ್ತಕವನ್ನೇ ಕೋಶವೆಂದು ಓದುತ್ತ ಬಂದ ವರ್ತಕರಿಗೆ ದೇಶ ಸುತ್ತುವ ಬಿಡುವು ದೊರೆಯುವುದು ಅಪರೂಪ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವ್ಯಾಪಾರಿ ಕುಟುಂಬಗಳಿಗೆ ಪ್ರವಾಸವೆಂದರೆ ತಿರುಪತಿ, ಶ್ರೀಶೈಲ, ಕಾಶಿ ಎಂಬ ಕಾಲವಿತ್ತು. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಸಂಚಾರವಿರುವ ಇಂದು, ಮಕ್ಕಳ ಮದುವೆ ಮುಗಿಸಿದ ದಂಪತಿಗಳಿಗೆ ಆಗ್ನೇಯ ಏಷ್ಯಾ ದೂರದ್ದಲ್ಲ. ಹೊರಡುವವರು ಎರಡು ವಿಷಯಗಳನ್ನು ಅರಿತಿರುವುದು ಒಳಿತು. ಅಲ್ಲಿ ವರ್ತಕನ ಕಣ್ಣಿಗೆ ಬೀಳಬೇಕಾದುದೇನು? ಇಲ್ಲಿ ಆ ವೆಚ್ಚವನ್ನು ಯಾವ ಖಾತೆಗೆ ಬರೆಯಬೇಕು?

ಹೊರಡುವ ಕಾಲ

ಥಾಯ್ಲೆಂಡ್‌ನ ಹೆಚ್ಚಿನ ಭಾಗದಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತಕರ. ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರಿಗೆ ನವೆಂಬರ್, ಡಿಸೆಂಬರ್ ಮುಂಗಾರು ಭತ್ತದ ಆವಕದ ಕಾಲ. ಬೇಸಿಗೆ ಭತ್ತ ಬರುವುದಕ್ಕೆ ಮುಂಚಿನ ಫೆಬ್ರವರಿಯೇ ಅವರಿಗೆ ಅನುಕೂಲ. ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರು 20ನೇ ತಾರೀಖಿನ ಗಡುವು ಮುಗಿಸಿ ಹೊರಟರೆ ನಿಶ್ಚಿಂತೆ. ಬ್ಯಾಂಕಿನ ಓಟಿಪಿ ಬರುವ ಮೊಬೈಲ್‌ಗೆ ಅಂತಾರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಳ್ಳುವುದನ್ನೂ ಮರೆಯಬಾರದು.

ನಗರದಲ್ಲಿ

ಬ್ಯಾಂಕಾಕ್ ಅರಮನೆಯ ಆವರಣದಲ್ಲಿರುವ ಪಚ್ಚೆ ಬುದ್ಧನ ದೇವಾಲಯದ ಪ್ರಾಕಾರದ ಗೋಡೆಗಳಲ್ಲಿ 178 ವರ್ಣಚಿತ್ರಗಳ ಸಾಲಿದೆ. ಅದು ಥಾಯ್ ಜನರ ರಾಮಾಯಣವಾದ ರಾಮಕಿಯನ್. ಅದರಲ್ಲಿ ವಾಲಿಯ ರಾಜಧಾನಿಗೆ ಖೀತ್‌ಖಿನ್ ಎಂದು ಹೆಸರು. ಅದೇ ನಮ್ಮ ಕಿಷ್ಕಿಂಧೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಪರಿಸರವೇ ಕಿಷ್ಕಿಂಧೆಯೆಂದು ನಂಬುವ ದಂಪತಿಗೆ ಆ ಗೋಡೆ ಪರದೇಶದ್ದೆನಿಸದು.

ಅಲ್ಲಿಂದ ಅಕ್ಕಿ ಅಂಗಡಿಗೆ ಹೋಗಬೇಕು. ಥಾಯ್ಲೆಂಡ್ ತನ್ನ ಸುವಾಸನೆಯ ಹೋಮ್ ಮಲಿ ಅಕ್ಕಿಗೆ ಸರ್ಕಾರದ ಪ್ರಮಾಣ ಮುದ್ರೆಯನ್ನು ರೂಪಿಸಿದೆ. ಮುದ್ರೆ ಬೇಕಾದರೆ ಚೀಲದಲ್ಲಿ ಕನಿಷ್ಠ ಶೇ. 92ರಷ್ಟು ಅದೇ ತಳಿಯ ಅಕ್ಕಿ ಇರಬೇಕು. ಗಿರಣಿ ಯಾರದೇ ಇರಲಿ, ಕೊಳ್ಳುವವನು ನಂಬುವುದು ಆ ಮುದ್ರೆಯನ್ನು. ಭತ್ತದ ಕಣಜವೆನಿಸಿದ ಗಂಗಾವತಿಯ ಸೋನಾ ಮಸೂರಿಗೆ ಹೆಸರೇನೋ ಇದೆ. ಆ ಹೆಸರನ್ನು ಕಲಬೆರಕೆಯಿಂದ ಕಾಯುವ ಬಗೆಯನ್ನು ಇಲ್ಲಿ ಕಲಿಯಬಹುದು.

ಕಾಡಿನಲ್ಲಿ

ಬ್ಯಾಂಕಾಕ್‌ನಿಂದ ರಸ್ತೆಯಲ್ಲಿ ಸುಮಾರು ಮೂರು ಗಂಟೆ ಸಾಗಿದರೆ ಖಾವೋ ಯಾಯ್ ಅರಣ್ಯ. 1962ರಲ್ಲಿ ಘೋಷಿತವಾದ ಇದು ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಇದನ್ನೊಳಗೊಂಡ ಅರಣ್ಯ ಸಮುಚ್ಚಯವು 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಡಾನೆ, ಗಿಬ್ಬನ್ ವಾನರ, ಮಂಗಟ್ಟೆ ಹಕ್ಕಿ, ಜಲಪಾತಗಳು ಇಲ್ಲಿನ ಆಕರ್ಷಣೆ. ವರ್ತಕನು ಗಮನಿಸಬೇಕಾದುದು ಕಾಡಿನ ಅಂಚನ್ನು: ವಸತಿಗೃಹ, ಊಟದ ಮನೆ, ಬಾಡಿಗೆ ವಾಹನ, ಮಾರ್ಗದರ್ಶಕ. ಕಾಡು ಉಳಿದಿರುವುದರಿಂದಲೇ ಇವರ ವ್ಯಾಪಾರ ನಡೆದಿದೆ.

ಯಾವ ಖಾತೆಗೆ?

ದಂಪತಿಯ ವಿಹಾರದ ವೆಚ್ಚ ಸ್ವಂತ ವೆಚ್ಚ. ಆದಾಯ ತೆರಿಗೆ ಕಾನೂನಿನಲ್ಲಿ ಅದು ವ್ಯಾಪಾರದ ಖರ್ಚಲ್ಲ. ಪತ್ನಿ ಫರ್ಮಿನ ಪಾಲುದಾರರೆಂಬ ಮಾತ್ರಕ್ಕೆ ವಿಹಾರವು ವ್ಯವಹಾರವಾಗದು. ‘ಪ್ರಯಾಣ ವೆಚ್ಚ’ ಎಂದು ಬರೆದುಬಿಟ್ಟರೆ ಪರಿಶೀಲನೆಯಲ್ಲಿ ಅದು ತಿರಸ್ಕೃತವಾಗಿ ತೆರಿಗೆ, ಬಡ್ಡಿ, ದಂಡಗಳು ಟಿಕೆಟ್ಟಿನ ಬೆಲೆಯನ್ನು ಹೆಚ್ಚಿಸುತ್ತವೆ. ಒಂದೆರಡು ದಿನ ಯಂತ್ರ ತಯಾರಕರ ಭೇಟಿಯಿದ್ದರೆ ಪತ್ರ, ಆಹ್ವಾನ, ರಸೀದಿಗಳನ್ನು ಪ್ರತ್ಯೇಕವಾಗಿಟ್ಟು, ಆ ಭಾಗವನ್ನಷ್ಟೇ ಫರ್ಮಿಗೆ ಬರೆಯಬೇಕು.

ಇನ್ನೂ ಗಂಭೀರವಾದುದು ಸಿ.ಸಿ. ಖಾತೆಯ ವಿಷಯ. ಬ್ಯಾಂಕು ದಾಸ್ತಾನಿಗೆಂದು ಕೊಟ್ಟ ಹಣ ವಿಮಾನವೇರಿದರೆ, ಭತ್ತ ಹಾಕಿದ ರೈತನ ಬಾಕಿ ಹಿಂದೆ ಬೀಳುತ್ತದೆ. ಎರಡು ವರ್ಷ ಮೊದಲೇ ಆವರ್ತ ಠೇವಣಿ ತೆರೆದು, ಮನೆಯ ಖರ್ಚಿನ ಹದವನ್ನು ಬಲ್ಲ ಪತ್ನಿಯೊಡನೆ ಕುಳಿತು ಅಂದಾಜು ಮಾಡುವುದು ಲೇಸು.

ವಿದೇಶ ಪ್ರವಾಸದ ಪ್ಯಾಕೇಜ್‌ಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲೇ ತೆರಿಗೆ ಸಂಗ್ರಹ, ಅಂದರೆ ಟಿಸಿಎಸ್, ಜಾರಿಗೆ ಬಂದಿತು. ದರಗಳು ಆಮೇಲೆ ಬದಲಾಗಿವೆ. ಬುಕಿಂಗ್ ದಿನದ ದರವನ್ನು ವಿಚಾರಿಸಬೇಕು. ಇದು ನಷ್ಟವಲ್ಲ, ರಿಟರ್ನ್‌ನಲ್ಲಿ ಜಮಾ ಸಿಗುವ ಮೊತ್ತ. ಆದುದರಿಂದ ಹಣ ಯಾರದೋ ಅವರ ಪ್ಯಾನ್ ಸಂಖ್ಯೆಯನ್ನೇ ಕೊಡತಕ್ಕದ್ದು. ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂಪಾಯಿಗೆ ಮೀರಿ ವೆಚ್ಚ ಮಾಡಿದವರು, ಆದಾಯ ಎಷ್ಟೇ ಇರಲಿ, ರಿಟರ್ನ್ ಸಲ್ಲಿಸಬೇಕೆಂಬ ನಿಯಮ 2019ರ ಹಣಕಾಸು ಕಾಯ್ದೆಯಿಂದ ಬಂದಿದೆ.

ಮರಳಿ ಬಂದ ಮೇಲೆ

ಅಂಜನಾದ್ರಿಯ 575 ಮೆಟ್ಟಿಲು, ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು, ಬಂಕಾಪುರದ ತೋಳಗಳ ಧಾಮ: ಮೂರೂ ಗಂಗಾವತಿಯ ಸುತ್ತಿನವೇ. ಕಿನ್ನಾಳದ ಬಣ್ಣದ ಬೊಂಬೆ ಕೊಪ್ಪಳದ ಬಳಿಯದು. ಖೀತ್‌ಖಿನ್ ಚಿತ್ರ ನೋಡಿ ಬಂದ ದಂಪತಿ ಒಂದು ಭಾನುವಾರ ಇವುಗಳ ಮುಂದೆ ನಿಂತು, ಶುಚಿಯಾದ ಶೌಚಾಲಯ, ನಂಬುವ ದರಪಟ್ಟಿ, ತಿಳಿದ ಮಾರ್ಗದರ್ಶಕ ಎಲ್ಲಿದ್ದಾರೆಂದು ಹುಡುಕಲಿ. ಇಲ್ಲದ ಕಡೆ ಒಂದು ಉದ್ಯಮಕ್ಕೆ ಸ್ಥಳವಿದೆ. ಆ ಉದ್ಯಮದ ಬಂಡವಾಳವನ್ನು ಧಾರಾಳವಾಗಿ ಫರ್ಮಿನ ಖಾತೆಗೆ ಬರೆಯಬಹುದು.